ಐದೇ ಮಾತಿನಲ್ಲಿ ಮುಗಿಯುವ ಭಾಷೆ

ತೊಟ್ಟಿಲ ಕೂಸು ಗಂಟಲಲ್ಲಿ "ಖ್ಖ" ಎಂದರೆ ಅದು ಅಪ್ಪನ ಆಫ್ರಿಕಾನ್ಸ್ ಭಾಷೆ. ನಾಲಿಗೆಯಿಂದ "ಲೊಟಕ್" ಎಂದರೆ ಅಮ್ಮನ ಕೋಸಾ. ದಕ್ಷಿಣ ಆಫ್ರಿಕಾದ ಕ್ರಾಡಾಕ್ ಊರಿನ ಬೋಟೆಸ್ ದಂಪತಿಗಳ ಮನೆಯಲ್ಲಿ ಮಗು ಹುಟ್ಟಿದ ದಿನದಿಂದ ನಡೆದಿದ್ದ ಮಹಾಯುದ್ಧ ಇದೇ.

"ಕೇಳಿದ್ಯಾ? ಮಗ ಅಪ್ಪನ ಭಾಷೆ ಮಾತಾಡ್ದ!" ಎಂದು ಡೀಡರಿಕ್ ಹಿಗ್ಗುವನು.

"ಹಾಲು ನೆತ್ತಿಗೇರಿದೆ, ಎತ್ಕೋ ಮಹಾರಾಯ! ನಿಮ್ಮ ಭಾಷೆ ಆಡೋದೂ ಒಂದೇ, ಗಂಟಲಿಗೆ ಮೀನುಮುಳ್ಳು ಸಿಕ್ಕೋದೂ ಒಂದೇ" ಎನ್ನುವಳು ಅವನ ಹೆಂಡತಿ ವುಯಿಸ್ವಾ.

ಮದುವೆಯಾಗಿ ಇಷ್ಟು ದಿನವಾದರೂ ಡೀಡರಿಕ್‌ಗೆ ಆ ಲೊಟಕ್ ಒಲಿದಿರಲಿಲ್ಲ. (ಅವನು ಅಭ್ಯಾಸಕ್ಕೆ ಕುಳಿತಾಗಲೆಲ್ಲ ಹಿತ್ತಲ ಕೋಳಿಗಳು ಕಾಳು ಹಾಕುತ್ತಾರೆಂದು ಓಡಿ ಬರುತ್ತಿದ್ದವು.) ಕುಣಿಯಲಾರದವನಿಗೆ ನೆಲ ಡೊಂಕು ಎಂಬಂತೆ ಅವನು ತಪ್ಪನ್ನೆಲ್ಲ ಭಾಷೆಯ ತಲೆಗೇ ಕಟ್ಟುತ್ತಿದ್ದ.

"ನಿಮ್ಮಲ್ಲಿ ಕ್ಷೇಮ ಕೇಳೋದ್ರಲ್ಲೇ ಹೊತ್ತು ಮುಳುಗುತ್ತೆ. ನೀನು ಚೆನ್ನಾಗಿದ್ದೀಯಾ, ನಿಮ್ಮಮ್ಮ ಚೆನ್ನಾಗಿದ್ದಾಳಾ, ದನ ಹೇಗಿದೆ, ನಿಮ್ಮ ಕುಲ ಯಾವುದು... ನಮ್ಮದು ನೋಡು, ಐದು ಮಾತು, ಕೆಲಸ ಖಲಾಸ್!"

ಜಗಳದ ಬೇರು ಇದ್ದದ್ದು ಮಗುವಿನ ಹೆಸರಿನಲ್ಲಿ. ಬೋಟೆಸ್ ವಂಶದಲ್ಲಿ ಚೊಚ್ಚಲ ಗಂಡಿಗೆ ಅಜ್ಜನ ಹೆಸರೇ ಆಗಬೇಕು. ಡೀಡರಿಕ್‌ನ ಅಪ್ಪ ಬಾರೆಂಡ್ ತೀರಿಕೊಂಡು ವರ್ಷವಾಗಿತ್ತು. ಅಪ್ಪನ ಹೆಸರಾದರೂ ಮನೆಯಲ್ಲಿ ಓಡಾಡಿಕೊಂಡಿರಲಿ ಎಂಬುದು ಮಗನ ನಿಜವಾದ ಆಸೆ. ವುಯಿಸ್ವಾಳಿಗೆ ಮಾತ್ರ ಇದು ಕಾದು ಕಾದು ಪಡೆದ ಕೂಸು. ಲುಖಾನ್ಯೊ, ಎಂದರೆ ಬೆಳಕು. ಅದೇ ಹೆಸರು, ಮರುಮಾತಿಲ್ಲ. (ಎರಡೂ ಇಡಬಹುದಲ್ಲ ಎಂದು ನೀವು ಕೇಳಬಹುದು. ಗಂಡಹೆಂಡಿರ ಜಗಳದಲ್ಲಿ ಅಂಥ ಜಾಣತನಕ್ಕೆ ಪ್ರವೇಶವಿಲ್ಲ.)

ಭಾನುವಾರ ವುಯಿಸ್ವಾಳ ಅಪ್ಪ ಬಂದು, ಆಡು ಕಡಿದು, ಪಿತೃಗಳಿಗೆ ಮಗುವಿನ ಹೆಸರು ಹೇಳುವುದೆಂದು ನಿಶ್ಚಯವಾಗಿತ್ತು. ಊರೆಲ್ಲ ಉಣ್ಣುವ ಊಟ. ಅದಕ್ಕೆ ದೊಡ್ಡ ಮೂರು ಕಾಲಿನ ಕಬ್ಬಿಣದ ಕೊಪ್ಪರಿಗೆ ಬೇಕು. ಅಂಥದ್ದು ಆ ಸೀಮೆಯಲ್ಲಿ ಇಬ್ಬರ ಬಳಿ ಮಾತ್ರ ಇತ್ತು: ಕುರಿ ಸಾಕುವ, ಊರಿಗೆಲ್ಲ ಮಾವನಾದ ಮುದುಕ ಫಾನಿ ಮತ್ತು ಹೊಳೆಯಾಚೆಯ ನೊಬಂಟು ಅಜ್ಜಿ.

ಶನಿವಾರ ಬೆಳಗ್ಗೆ ಡೀಡರಿಕ್‌ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. "ಪಂದ್ಯ! ನಾನು ಫಾನಿ ಮಾವನ ಹತ್ರ ಆಫ್ರಿಕಾನ್ಸಲ್ಲಿ ಕೇಳ್ತೀನಿ. ನೀನು ಅಜ್ಜಿ ಹತ್ರ ಕೋಸಾದಲ್ಲಿ ಕೇಳು. ಯಾರು ಮೊದಲು ಕೊಪ್ಪರಿಗೆ ತರ್ತಾರೋ ಅವರು ಹೇಳಿದ್ದೇ ಹೆಸರು."

"ಆಮೇಲೆ ಅಳಬಾರದು" ಎಂದು ವುಯಿಸ್ವಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು.

ಫಾನಿ ಮಾವ ಜಗಲಿಯಲ್ಲೇ ಸಿಕ್ಕರು. ಡೀಡರಿಕ್ ಐದು ಮಾತು ಸಿದ್ಧಮಾಡಿಕೊಂಡೇ ಹೋಗಿದ್ದ. ಆದರೆ ಅವನ ಭಾಷೆಯಲ್ಲಿ ಹಿರಿಯರಿಗೆ "ನೀನು" ಎಂದರೆ ಕೆನ್ನೆಯೂದುವ ಅಪಾಯವುಂಟು; ಮಾತುಮಾತಿಗೂ "ಮಾವ" ಎನ್ನಲೇಬೇಕು.

"ಮಾವ ಮಾವನ ಕೊಪ್ಪರಿಗೇನ ಮಾವನ ಅಳಿಯನಂಥವನಿಗೆ..."

"ಮೊದ್ಲು ಕೂತ್ಕೋ. ಕಾಫಿ ಬರುತ್ತೆ. ನಿಮ್ಮ ಕಡೆ ಮಳೆ ಎಷ್ಟಾಯ್ತು?"

ಕಾಫಿ ಬಂತು. ಅದರಲ್ಲಿ ಅದ್ದಿ ತಿನ್ನಲು ಕಲ್ಲಿನಂಥ ರಸ್ಕ್ ಬಂತು. ಈ ವರ್ಷದ ಮಳೆ ಮುಗಿದು ಹೋದ ವರ್ಷದ ಮಳೆ ಬಂತು. ಕುರಿಗಳ ಕಾಲುಬೇನೆ, ಮಾವನ ಮಂಡಿನೋವು ಎಲ್ಲ ಬಂದವು, ಕೊಪ್ಪರಿಗೆಯೊಂದು ಬಿಟ್ಟು. ಕೊನೆಗೆ ಮಾವ ಕಣ್ಣು ಕಿರಿದು ಮಾಡಿದರು.

"ಬೋಟೆಸ್ ಅಲ್ವಾ ನೀನು, ಯಾವ ಬೋಟೆಸ್? ನದೀತೀರದವರೋ, ಗುಡ್ಡದ ಕಡೆಯವರೋ?"

"ಗುಡ್ಡದ ಕಡೆ. ಬಾರೆಂಡ್ ಬೋಟೆಸ್ ಮಗ."

ಮಾವ ಲೋಟವನ್ನು ಟೇಬಲ್ ಮೇಲೆ ಕುಕ್ಕಿದರು. "ಆ ಬಾರೆಂಡಾ! ನನ್ನ ನಿಶ್ಚಿತಾರ್ಥದ ದಿನ ನಾನು ನನ್ನ ಬೆಂಕಿ ಮೇಲೆ ಮಾಂಸ ಸುಡ್ತಿದ್ದೆ. 'ಸೀದುಹೋಗ್ತಿದೆ ಕೊಡಯ್ಯ' ಅಂತ ನನ್ನ ಕೈಯಿಂದ ಇಕ್ಕಳ ಕಿತ್ಕೊಂಡ. ಹೆಣ್ಣಿನ ಮನೆಯವರೆಲ್ಲ ನೋಡ್ತಿದ್ರು ಕಣೋ!"

ಆ ಸೀಮೆಯಲ್ಲಿ ಒಬ್ಬನ ಬೇಲಿ ಸರಿಸಿದರೂ ರಾಜಿಯುಂಟು, ಅವನ ಬೆಂಕಿಯ ಮುಂದೆ ಇಕ್ಕಳ ಕಸಿದವನಿಗೆ ಕ್ಷಮೆಯಿಲ್ಲ. ಡೀಡರಿಕ್ ಸತ್ತ ಅಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು, ಅಪ್ಪ ಮಾಡಿದ್ದು ತಪ್ಪೇ ತಪ್ಪು ಎಂದು ಬಾಯಿಬಿಟ್ಟು ಹೇಳಿದ. ಮುದುಕರು ಕರಗಿದರು. ಕೊಪ್ಪರಿಗೆ ಗಾಡಿಯೇರಿತು.

"ನೀನು ಅವನ ಹಾಗಲ್ಲ, ಒಳ್ಳೇ ಹುಡುಗ. ನಾಳೆ ಊಟಕ್ಕೆ ನಾನೂ ಬರ್ತೀನಿ. ಆದ್ರೆ ನೋಡು, ನನ್ನ ಕೊಪ್ಪರಿಗೆ ಮುಂದೆ ಆ ಬಾರೆಂಡ್ ಅನ್ನೋ ಹೆಸರು ಕೇಳಿದ್ನೋ, ಬೇಯ್ತಿರೋ ಮಾಂಸದ ಸಮೇತ ಎತ್ಕೊಂಡು ಹೋಗ್ತೀನಿ. ಆಯ್ತಾ?"

"ಆಯ್ತು ಮಾವ" ಎಂದು ಡೀಡರಿಕ್ ಗಾಡಿ ಹೊರಡಿಸಿದ.

ಮನೆಗೆ ಬಂದರೆ ಹೆಂಡತಿ ಇನ್ನೂ ಬಂದಿರಲಿಲ್ಲ. ಸಂಜೆಯ ಹೊತ್ತಿಗೆ ಬರಿಗೈಯಲ್ಲಿ ಬಂದವಳು ಅಂಗಳದ ಕೊಪ್ಪರಿಗೆ ನೋಡಿ ನಿಂತುಬಿಟ್ಟಳು.

"ಅಜ್ಜಿ ಕುಲ ಕೇಳಿದ್ಲು. ನಮ್ಮಮ್ಮನ ಕುಲವೇ ಆಗ್ಬೇಕಾ! ಉಣ್ಣದೆ ಬಿಡಲೇ ಇಲ್ಲ. ಕೊನೆಗೆ ಕೇಳಿದ್ರೆ, ಕೊಪ್ಪರಿಗೇನ ಯಾವುದೋ ಸಾವಿನ ಮನೆಗೆ ಒಯ್ದಿದ್ದಾರಂತೆ." ಅವಳ ದನಿ ಸಣ್ಣದಾಯಿತು. "ಗೆದ್ದೆ ಬಿಡು. ಮಾತು ಅಂದ್ರೆ ಮಾತು. ಬಾರೆಂಡ್ ಅಂತಲೇ ಕರೆಯೋಣ. ಅಪ್ಪನಿಗೆ ಫೋನ್ ಮಾಡ್ತೀನಿ."

"ತಾಳು! ಈ ಸಲ ಮಳೆ ಚೆನ್ನಾಗಾಯ್ತು, ಅಲ್ವಾ?"

"ಆಯ್ತು."

"ಫಾನಿ ಮಾವನ ಕುರಿಗಳಿಗೆ ಕಾಲುಬೇನೆಯಂತೆ."

"ಅಯ್ಯೋ ಪಾಪ."

"ನಿಮ್ಮಮ್ಮ ಚೆನ್ನಾಗಿದ್ದಾಳಾ?"

ವುಯಿಸ್ವಾ ಸೊಂಟಕ್ಕೆ ಕೈಯಿಟ್ಟಳು. "ಡೀಡರಿಕ್, ಐದು ಮಾತಲ್ಲಿ ಹೇಳು."

"ಲುಖಾನ್ಯೊ ಅಂತಲೇ ಕರೆಯೋಣ, ಕಾರಣ ಕೇಳಬೇಡ" ಎಂದ ಡೀಡರಿಕ್. ಸರಿಯಾಗಿ ಐದೇ ಮಾತು. ಆದರೆ ಕಾರಣ ಕೇಳದೆ ಬಿಡುವ ಹೆಂಡತಿ ಯಾವ ಭಾಷೆಯಲ್ಲೂ ಹುಟ್ಟಿಲ್ಲ. ಇಕ್ಕಳದ ಕಥೆ ಕೇಳಿ ಅವಳು ಕೊಪ್ಪರಿಗೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅಪ್ಪನಿಗೆ ಫೋನ್ ಹಚ್ಚಿದಳು.

ಕ್ಷೇಮಸಮಾಚಾರ ಶುರುವಾಯಿತು. ಅಪ್ಪ ಹೇಗಿದ್ದಾನೆ, ಚಿಕ್ಕಪ್ಪ ಹೇಗಿದ್ದಾನೆ, ಕಪ್ಪು ಹಸು ಕರು ಹಾಕಿತೇ... ಇಕ್ಕಳದ ಕಥೆಗೆ ಇನ್ನೂ ಸರದಿ ಬಂದಿರಲಿಲ್ಲ. ಕಪ್ಪು ಹಸುವಿನ ಜೊತೆಗೆ ಹೆಂಡತಿಯ ಅಪ್ಪನ ಕೊಟ್ಟಿಗೆಯಲ್ಲಿ ಇನ್ನೂ ಹತ್ತು ಹಸುಗಳಾದರೂ ಇರಲಪ್ಪಾ ದೇವರೇ ಎಂದು ಡೀಡರಿಕ್ ಪಕ್ಕದಲ್ಲಿ ಕುಳಿತು ಬೇಡಿಕೊಂಡ.