ಅಪ್‌ಡೇಟಿಗೆ ನಾನು ಹೇಳಿದ ‘ಮತ್ತೆ’

ನಾನು ಒಂದು ಬಟನ್ ಒತ್ತಬೇಕಿತ್ತು, ಒತ್ತಲಿಲ್ಲ. ತಪ್ಪು ಇಷ್ಟೇ. ದೊಡ್ಡ ತಪ್ಪುಗಳಿಗೆ ಒಂದು ಘನತೆಯಾದರೂ ಇರುತ್ತದೆ. ಅವನ್ನು ಮಾಡಲು ಧೈರ್ಯವೋ ದ್ವೇಷವೋ ಬೇಕು, ಕೊನೆಗೆ ಎದ್ದು ನಾಲ್ಕು ಹೆಜ್ಜೆ ನಡೆಯುವ ಶ್ರಮವಾದರೂ ಬೇಕು. ನನ್ನದಕ್ಕೆ ಏನೂ ಬೇಕಾಗಲಿಲ್ಲ. ಊಟವಾದ ಮೇಲೆ ಚಾಪೆಯಲ್ಲಿ ಅಡ್ಡಾಗಿ, ಫ್ಯಾನಿನ ಕೆಳಗೆ, ಬಹಳ ಆರಾಮವಾಗಿ ಮಾಡಿ ಮುಗಿಸಿದೆ.

ನನ್ನ ತಂಗಿ ಶಾಲಿನಿ ಮಸ್ಕತ್ತಿನಲ್ಲಿ ನರ್ಸು. ಓದು ನಮ್ಮ ಮನೆಗೆ ಬರುವಾಗ ನನ್ನನ್ನು ದಾಟಿ ನೇರವಾಗಿ ಅವಳ ಹತ್ತಿರ ಹೋಯಿತು. ನಾನು ಏಳನೇ ಕ್ಲಾಸು ಬಿಟ್ಟೆ ಎಂದು ಹೇಳಿಕೊಳ್ಳುತ್ತೇನೆ, ನಿಜವಾಗಿ ಏಳನೇ ಕ್ಲಾಸೇ ನನ್ನನ್ನು ಬಿಟ್ಟದ್ದು. ಈಗ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಡೀಸೆಲ್ ಜನರೇಟರ್ ರಿಪೇರಿ ಮಾಡುತ್ತೇನೆ. ಪಂಪ್‌ವೆಲ್ ಹತ್ತಿರದ ನಮ್ಮ ಮನೆಯಲ್ಲಿ ನಾನು ಮತ್ತು ಅಮ್ಮ ಇದ್ದೆವು. ಮೂರನೆಯದಾಗಿ ಟಿವಿಯ ಪಕ್ಕದಲ್ಲಿ, ಟಿಫಿನ್ ಡಬ್ಬಿಯಷ್ಟು ದೊಡ್ಡದಾದ ಒಂದು ಕಪ್ಪು ಕಂಪ್ಯೂಟರ್ ಇತ್ತು. ಅದಕ್ಕೊಂದು ಹಸಿರು ಕಣ್ಣು. ಅಮ್ಮ ಅದನ್ನು ‘ಶಾಲಿನಿಯ ಡಬ್ಬಿ’ ಎನ್ನುತ್ತಿದ್ದರು. ನೆಂಟರು ಬಂದರೆ ಅದರ ಮೇಲೆ ಲೋಟ ಇಡದಂತೆ ಕಾಯುವುದು ಅಮ್ಮನ ಕೆಲಸ.

ಆ ಡಬ್ಬಿಯಲ್ಲಿ ಮನೆಯ ಫೋಟೋಗಳಿದ್ದವು. ಅದಕ್ಕಿಂತ ಮುಖ್ಯವಾಗಿ ಅಮ್ಮನ ಸ್ವರ ಇತ್ತು. ಅಮ್ಮ ದಿನಾ ಬೆಳಿಗ್ಗೆ ಶಾಲಿನಿಗೆ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಮೀನಿನಲ್ಲಿ ಬಂಗುಡೆ ಸಿಕ್ಕಿತೋ ಬೂತಾಯಿಯೋ, ಪಕ್ಕದ ಮನೆಯ ಬೆಕ್ಕು ಏನು ಕದ್ದಿತು, ಮೊಣಕಾಲು ಎಂತ ಹೇಳುತ್ತದೆ, ಎಲ್ಲ ಬರುತ್ತಿತ್ತು. ಕೊನೆಯಲ್ಲಿ ನನ್ನ ವಿಷಯ ತಪ್ಪದೆ ಇರುತ್ತಿತ್ತು: “ನಿನ್ನ ಅಣ್ಣ ಇನ್ನೂ ಎದ್ದಿಲ್ಲ.” ಶಾಲಿನಿ ಮಸ್ಕತ್ತಿನಲ್ಲಿ ಕೂತೇ ಇವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಡಬ್ಬಿಗೆ ಹಾಕಿ, ತನ್ನ ಫೋನಿನಿಂದ ಅಳಿಸುತ್ತಿದ್ದಳು. ಇದನ್ನೆಲ್ಲ ಇಡಲು ದೊಡ್ಡ ಕಂಪೆನಿಗಳ ಹತ್ತಿರ ಜಾಗ ಇಲ್ಲವೇ ಎಂದು ಅವಳ ಗಂಡ, ನನ್ನ ಭಾವ, ಕೇಳಿದಾಗ, ನಮ್ಮ ಅಮ್ಮ ನಮ್ಮ ಮನೆಯಲ್ಲೇ ಇರಲಿ, ಯಾರದೋ ಗೋದಾಮಿನಲ್ಲಿ ಯಾಕೆ ಎಂದು ಕೇಳಿದಳಂತೆ.

ಡಬ್ಬಿಯನ್ನು ನಡೆಸುವ ಸಾಫ್ಟ್‌ವೇರ್ ಪುಕ್ಕಟೆಯದು. ಎಲ್ಲೆಲ್ಲಿಯೋ ಇರುವ ಜನ ಬಿಡುವಿನಲ್ಲಿ ಕೂತು ಬರೆದದ್ದು, ಯಾರು ಬೇಕಾದರೂ ಅದರ ಒಳಗನ್ನು ತೆರೆದು ನೋಡಬಹುದು. ಬಾನೆಟ್ ತೆಗೆದೇ ಕೊಡುವ ಗಾಡಿ ಎಂದು ನನಗೆ ಖುಷಿಯಾಯಿತು. ಆದರೆ ಶಾಲಿನಿ ಎಚ್ಚರಿಸಿದ್ದಳು. ಒಳಗೆ ಎಲ್ಲೋ ತೂತು ಇದೆ ಎಂದು ಗೊತ್ತಾದರೆ ಅವರು ಮುಚ್ಚಿ, ಮುಚ್ಚಿದ್ದೇವೆ ಎಂದು ಊರಿಗೆಲ್ಲ ಹೇಳುತ್ತಾರೆ. ಆ ಸುದ್ದಿ ಕಳ್ಳರೂ ಓದುತ್ತಾರೆ. ಓದಿ, ಇನ್ನೂ ಮುಚ್ಚದ ಮನೆ ಯಾವುದೆಂದು ಹುಡುಕುತ್ತ ಹೊರಡುತ್ತಾರೆ. ಹಾಗಾಗಿ ತೂತು ಮುಚ್ಚುವ ಆ ಅಪ್‌ಡೇಟ್ ಬಂದ ಕೂಡಲೇ ಹಾಕಬೇಕು. ಆ ಬಟನ್ ಮಾತ್ರ ಮನೆಯ ಒಳಗಿನಿಂದಲೇ ಒತ್ತಲಿಕ್ಕೆ ಆಗುವ ಹಾಗೆ ಮಾಡಿದ್ದಳು. ಚಿಲಕ ಹೊರಗೆ ಇಟ್ಟರೆ ಕಳ್ಳನಿಗೂ ಎಟುಕುತ್ತದಲ್ಲ. ಒಳಗೆ ಇದ್ದವನು ನಾನು.

ನನ್ನ ವೃತ್ತಿಯಲ್ಲಿ ಒಂದೇ ಒಂದು ಮಂತ್ರ: ಓಡುವ ಇಂಜಿನ್ ಮುಟ್ಟಬಾರದು. ಮುಟ್ಟಿದವರು ಕೆಟ್ಟಿದ್ದಾರೆ. ಫೋನಿನಲ್ಲಿ ಡಬ್ಬಿಯ ಪುಟ ತೆರೆದರೆ ಮೇಲೆ ಕೆಂಪು ಪಟ್ಟಿ ಕಾಣುತ್ತಿತ್ತು, ತುರ್ತು, ತುರ್ತು ಎಂದು. ನಮ್ಮ ವರ್ಕ್‌ಶಾಪಿನ ಟೆಂಪೋದಲ್ಲಿ ಆಯಿಲ್ ದೀಪ ಕೆಂಪಗೆ ಉರಿಯಲು ತೊಡಗಿ ಎಷ್ಟೋ ವರ್ಷವಾಯಿತು, ಟೆಂಪೋ ಈಗಲೂ ಘಟ್ಟ ಹತ್ತಿ ಇಳಿಯುತ್ತದೆ. ಕೆಂಪು ಬಣ್ಣಕ್ಕೆ ಹೆದರುವ ಅಭ್ಯಾಸ ನನಗಿಲ್ಲ. ಡಬ್ಬಿಯಲ್ಲಿ ಫೋಟೋ ಬರುತ್ತದೆ, ಸ್ವರ ಬರುತ್ತದೆ, ಹಸಿರು ಕಣ್ಣು ಮಿಟುಕುತ್ತದೆ. ಮತ್ತೆಂತ ಬೇಕು?

ಈ ‘ಮತ್ತೆ’ ಎಂಬ ಶಬ್ದದ ಬಗ್ಗೆ ಹೇಳಲೇಬೇಕು. ನಮ್ಮ ಊರಿನಲ್ಲಿ ಇದಕ್ಕೆ ಎರಡು ಮುಖ. ಕೆಲಸ ಮಾಡುತ್ತೀಯಾ ಎಂದು ಕೇಳಿದರೆ ‘ಮತ್ತೆ’ ಎನ್ನಬಹುದು, ಅಂದರೆ ಈಗ ಅಲ್ಲ, ಆಮೇಲೆ. ಕೆಲಸ ಮಾಡಿದೆಯಾ ಎಂದು ಕೇಳಿದರೂ ‘ಮತ್ತೆ’ ಎನ್ನಬಹುದು, ಅಂದರೆ ಮಾಡದೆ ಇರುತ್ತೇನೆಯೇ. ತುಳುವಿನ ‘ಬೊಕ್ಕ’ವೂ ಇದೇ ಜಾತಿಯದು. ಘಟ್ಟದ ಮೇಲಿನವರು ಇಲ್ಲಿಗೆ ಬಂದು ಈ ಶಬ್ದದಲ್ಲಿ ಮುಗ್ಗರಿಸುವುದನ್ನು ನೋಡಿ ನಾವು ನಗುವುದುಂಟು. ಶಾಲಿನಿ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದಳು:

“ಅಣ್ಣ, ಅಪ್‌ಡೇಟ್ ಹಾಕಿದ್ದೀಯಲ್ಲ?”

“ಮತ್ತೆ.”

ಅವಳು ಹಾಕಿದ್ದಾನೆ ಎಂದುಕೊಂಡಳು. ನಾನು ಆಮೇಲೆ ಹಾಕುತ್ತೇನೆ ಎಂಬ ಅರ್ಥದಲ್ಲಿ ಹೇಳಿದೆ. ಹಾಗೆಂದು ಬಹಳ ಸಮಯ ನನಗೆ ನಾನೇ ಹೇಳಿಕೊಂಡೆ. ಸತ್ಯ ಏನೆಂದರೆ, ಅವಳಿಗೆ ಯಾವ ಅರ್ಥ ಕೇಳಿಸಿತೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ಅದರ ನೆರಳಿನಲ್ಲಿ ಕೂತು ತಂಪಾದೆ.

ಅಮ್ಮ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ಕೆಲವು ತಿಂಗಳು ಹಾಸಿಗೆಯಲ್ಲಿದ್ದರು. ಆಗಲೂ ಬೆಳಗಿನ ಮಾತು ನಿಲ್ಲಿಸಲಿಲ್ಲ, ಸ್ವರ ಮಾತ್ರ ಸಣ್ಣದಾಯಿತು. ತೀರಿಕೊಂಡ ಮೇಲೆ ಶಾಲಿನಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗ ದಿನಕ್ಕೊಂದು ಮಾತು ಡಬ್ಬಿಯಿಂದ ತೆಗೆದು ಕೇಳುತ್ತಿದ್ದಳು. ಮಸ್ಕತ್ತಿನ ಬಸ್ಸಿನಲ್ಲಿ ನಾನು ಇನ್ನೂ ಎದ್ದಿಲ್ಲ ಎಂಬ ಸುದ್ದಿ ಹಾಗೆ ಮುಂದುವರಿಯುತ್ತಿತ್ತು. ಅಮ್ಮನ ಫೋನನ್ನು ನಾನು ಎಕ್ಸ್‌ಚೇಂಜಿಗೆ ಕೊಟ್ಟೆ. ಡಬ್ಬಿಯಲ್ಲಿ ಎಲ್ಲ ಉಂಟಲ್ಲ ಎಂಬ ಧೈರ್ಯ.

ಒಂದು ದಿನ ಶಾಲಿನಿಯ ಫೋನ್ ಬಂತು. ಡಬ್ಬಿ ತೆರೆಯುತ್ತಿಲ್ಲ, ಸ್ವಲ್ಪ ನೋಡು ಎಂದಳು. ನೋಡಿದೆ. ಫೋಟೋ ಇರಬೇಕಾದಲ್ಲಿ ಅರ್ಥವಾಗದ ಅಕ್ಷರಗಳು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ. ಫೋಟೋ ತೆಗೆದು ಕಳಿಸಿದೆ. ನಿಮ್ಮದಕ್ಕೆಲ್ಲ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ ಕೊಡುತ್ತೇವೆ ಎಂದು ಬರೆದಿದೆಯಂತೆ. ಎಲ್ಲಿಯವರೋ ಏನೋ, ನಮ್ಮ ಪಂಪ್‌ವೆಲ್ಲಿನ ಮನೆಯನ್ನು ಹುಡುಕಿ ಬಂದಿದ್ದರು. ಅಂಚೆಯವನಿಗೆ ಈಗಲೂ ಸಿಗದ ಮನೆ ಅದು. ಹಣ ಕೊಟ್ಟರೂ ಕೀಲಿ ಸಿಗುತ್ತದೆಂಬ ಭರವಸೆ ಇಲ್ಲ ಎಂದು ತಿಳಿದವರು ಹೇಳಿದರು. ಶಾಲಿನಿಯ ಹತ್ತಿರ, ಅಮ್ಮ ಹಾಸಿಗೆ ಹಿಡಿಯುವ ಮೊದಲಿನ ರಜೆಯಲ್ಲಿ ಮಾಡಿದ ಒಂದು ಪ್ರತಿ ಇತ್ತು. ಅದರ ನಂತರದ್ದು, ಅಂದರೆ ಅಮ್ಮನ ಸಣ್ಣ ಸ್ವರದ ತಿಂಗಳುಗಳು, ಪೂರ್ತಿ ಹೋದವು.

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಪರ ನಿಂತಳು. ದೊಡ್ಡ ಕಂಪೆನಿಯಲ್ಲಿ ಇಡು ಎಂದು ಹೇಳಿರಲಿಲ್ಲವೇ ಎಂದು ಭಾವ ಕೇಳಿದಾಗ, ಅಣ್ಣ ಅಪ್‌ಡೇಟ್ ಹಾಕುತ್ತಲೇ ಇದ್ದ, ಸಾಫ್ಟ್‌ವೇರಿನಲ್ಲೇ ಗೊತ್ತಿಲ್ಲದ ತೂತು ಇರಬೇಕು ಎಂದಳಂತೆ. ಅಷ್ಟಕ್ಕೆ ನಿಲ್ಲಲಿಲ್ಲ. ಅದನ್ನು ಬರೆದವರಿಗೇ ಇಂಗ್ಲಿಷಿನಲ್ಲಿ ತಿಳಿಸಿದಳು: ಎಲ್ಲ ಅಪ್‌ಡೇಟ್ ಹಾಕಿದ್ದರೂ ಹೀಗಾಗಿದೆ, ಬೇರೆಯವರಿಗೆ ಆಗಬಾರದು, ದಯವಿಟ್ಟು ನೋಡಿ. ಉತ್ತರ ಬಂತು. ಯಾವುದೋ ದೇಶದ ಒಬ್ಬ ಹುಡುಗ. ಸಂಬಳವಿಲ್ಲದ ಕೆಲಸ, ಹಗಲಿಗೆ ಬೇರೆ ಉದ್ಯೋಗ. ನಿಮ್ಮ ತಾಯಿಯ ಸ್ವರ ಹೋದದ್ದಕ್ಕೆ ನನಗೆ ಬಹಳ ದುಃಖವಾಗಿದೆ, ಕ್ಷಮಿಸಿ, ತೂತು ಸಿಗುವ ತನಕ ಹುಡುಕುತ್ತೇನೆ ಎಂದು ಬರೆದಿದ್ದ. ಶಾಲಿನಿ ಅದನ್ನು ತುಳುವಿನಲ್ಲಿ ನನಗೆ ಓದಿ ಹೇಳಿದಳು. ಪಾಪ ಎಷ್ಟು ಒಳ್ಳೆಯವ ಎಂದಳು. ನನ್ನ ತಪ್ಪಿಗೆ ಗುರುತು ಪರಿಚಯ ಇಲ್ಲದವನೊಬ್ಬ ಕ್ಷಮೆ ಕೇಳಿ ಮುಗಿಸಿದ್ದ. ನಾನು ಹೂಂ ಎಂದೆ.

ವರ್ಕ್‌ಶಾಪಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹಮೀದನಿಗೆ ಊಟದ ಹೊತ್ತಿನಲ್ಲಿ ವಿಷಯ ಹೇಳಿದೆ. ಬೇರೆ ಯಾರದೋ ಕಥೆಯೆಂಬಂತೆ ಸುರು ಮಾಡಿದೆ. ಅರ್ಧದಲ್ಲೇ ಅವನು ಮೀನಿನ ಮುಳ್ಳು ಬದಿಗಿಟ್ಟು ನನ್ನ ಮುಖ ನೋಡಿದ.

“ನೀನಾ ಅದು?”

“ಹೌದು ಮಾರಾಯ.”

“ಆಯಿಲ್ ಹಾಕಿದ್ದೇನೆ ಅಂತ ಸುಳ್ಳು ಹೇಳುವ ಗಿರಾಕಿಗೆ ನೀನು ಎಂತೆಲ್ಲ ಬೈತಿ, ನೆನಪುಂಟಾ? ಇಡೀ ಇಂಜಿನ್ ಬಿಚ್ಚಿಸಿದ ಅಂತ. ಆ ಹುಡುಗ ಈಗ ಬಿಚ್ಚುತ್ತಾ ಇದ್ದಾನೆ.”

ನೆನಪಿಲ್ಲದೆ ಉಂಟೇ? ಅಂಥ ಗಿರಾಕಿಗಳ ವಂಶವನ್ನೇ ನಾನು ಜಾಲಾಡಿದ್ದೇನೆ. ನನ್ನ ಶಬ್ದಗಳನ್ನು ಒಂದೊಂದಾಗಿ ಹಮೀದ ನನಗೇ ಕೊಟ್ಟ. ಕೆಲವು ನಿಜಕ್ಕೂ ಚೆನ್ನಾಗಿದ್ದವು. ಆಮೇಲೆ ದಿನಾ ಬಂದು ತಂಗಿಗೆ ಹೇಳಿದ್ಯಾ ಎಂದು ಕೇಳತೊಡಗಿದ. ಅವನ ಹತ್ತಿರ ‘ಮತ್ತೆ’ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಮ್ಮನ ವರ್ಷಾಂತಿಕಕ್ಕೆ ಶಾಲಿನಿ ಊರಿಗೆ ಬಂದಳು. ನಾನು ರಿಕ್ಷಾ ಮಾಡಿಕೊಂಡು ಏರ್‌ಪೋರ್ಟಿಗೆ ಹೋದೆ. ದಾರಿಯಲ್ಲಿ ಹೇಳುವುದೆಂದು ತೀರ್ಮಾನಿಸಿದ್ದೆ. ಕಾವೂರಿನಲ್ಲಿ ಅವಳು ಮಕ್ಕಳ ಸುದ್ದಿ ಹೇಳುತ್ತಿದ್ದಳು, ಮಧ್ಯೆ ಬಾಯಿ ಹಾಕುವುದು ಸರಿಯಲ್ಲ. ಯೆಯ್ಯಾಡಿಯಲ್ಲಿ ರಸ್ತೆ ಚೆನ್ನಾಗಿತ್ತು, ಚೆನ್ನಾದ ರಸ್ತೆಯಲ್ಲಿ ಯಾಕೆ ಎನಿಸಿತು. ಅಷ್ಟರಲ್ಲಿ ಆ ಹುಡುಗ ಮೊನ್ನೆ ಪುನಃ ಬರೆದಿದ್ದಾನೆ ಎಂದಳು. ಇನ್ನೂ ಸಿಗಲಿಲ್ಲವಂತೆ, ರಾತ್ರಿ ನಿದ್ದೆ ಬಿಟ್ಟು ಹುಡುಕುತ್ತಿದ್ದಾನಂತೆ, ಡಬ್ಬಿ ಜೋಡಿಸುವಾಗ ತಾನೇ ಏನೋ ತಪ್ಪು ಮಾಡಿರಬೇಕು ಎಂದು ತನಗೆ ಈಗೀಗ ಅನಿಸುತ್ತದೆ ಎಂದು ಹೇಳಿ ಶಾಲಿನಿ ಹೊರಗೆ ನೋಡಿದಳು. ಕಣ್ಣು ಒರೆಸಿಕೊಂಡದ್ದು ಕಂಡಿತು.

ನಂತೂರು ಜಂಕ್ಷನ್ನಿನಲ್ಲಿ ರಿಕ್ಷಾ ನಿಂತಿತು. ಎಡಕ್ಕೆ ಲಾರಿ, ಬಲಕ್ಕೆ ಬಸ್ಸು, ಹಿಂದೆ ಟ್ಯಾಂಕರ್, ಎಲ್ಲರೂ ಹಾರ್ನ್ ಒತ್ತುತ್ತಿದ್ದರು. ಇದೇ ಸಮಯ ಎಂದು ಬಾಯಿ ತೆರೆದು ಹೇಳಿಬಿಟ್ಟೆ. ಅವಳಿಗೆ ಕೇಳಲಿ ಎಂದು ಹೇಳಿದೆನೋ, ಹೇಳಿದ ಪುಣ್ಯವೂ ಬರಲಿ, ಕೇಳುವುದೂ ಬೇಡ ಎಂದು ಆ ಗದ್ದಲವನ್ನು ಆರಿಸಿಕೊಂಡೆನೋ, ನನ್ನಂಥವನ ವಿಷಯದಲ್ಲಿ ಹೇಳುವುದು ಕಷ್ಟ.

“ಎಂತ ಹೇಳಿದ್ದು ಅಣ್ಣ?” ಎಂದಳು.

ನಂತೂರಿನಲ್ಲಿ ಹಾರ್ನ್ ನಿಲ್ಲುವುದನ್ನು ನಾನು ಕಂಡದ್ದಿಲ್ಲ. ನನ್ನ ಗ್ರಹಚಾರ, ಆಗ ನಿಂತಿತು. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ಬಸ್ಸಿನ ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಕೂಡ ಉತ್ತರಕ್ಕೆ ಕಾಯುವ ಹಾಗೆ ಕಂಡಳು. ಏನಿಲ್ಲ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿ, ಇಡೀ ಜಂಕ್ಷನ್ನಿಗೆ ಕೇಳುವಷ್ಟು ದೊಡ್ಡದಾಗಿ ಹೇಳಿದೆ:

“ನೀನು ಏನೂ ತಪ್ಪು ಮಾಡ್ಲಿಲ್ಲ. ಆ ಹುಡುಗನಿಗೂ ಇವತ್ತೇ ಬರೆ, ಹುಡುಕುವುದು ಬೇಡ ಅಂತ. ನಾನು ಅಪ್‌ಡೇಟ್ ಹಾಕಿರಲೇ ಇಲ್ಲ. ನೀನು ಹಾಕಿದ್ದಾನೆ ಅಂತ ತಿಳ್ಕೊಂಡದ್ದು ನಂಗೆ ಗೊತ್ತಿತ್ತು, ಗೊತ್ತಿದ್ದೇ ಸುಮ್ಮನಿದ್ದೆ. ಅಮ್ಮನ ಸ್ವರ ನನ್ನಿಂದ ಹೋಯ್ತು. ತಪ್ಪಾಯ್ತು, ಶಾಲಿನಿ.”