4114ರ ಜನ್ಮಸ್ಥಳ

ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿ ಇರುವ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸತಕ್ಕದ್ದು, ಫಲಿತಾಂಶ ಬಂದ ಮೇಲೆ ವಾಪಸ್ ಪಡೆಯತಕ್ಕದ್ದು ಎಂಬುದು ನಿಯಮ. ಇದರಲ್ಲಿ ಮೊದಲ ಭಾಗವನ್ನು ಪಾಲಿಸುವುದು ಸುಲಭ.

ಕುರುಡುಮಲೆ ದಾರಿಯ ಒಂದು ಸಣ್ಣ ಊರಿನ ವೆಂಕಟರಮಣಪ್ಪನವರು ಪ್ರತಿ ಚುನಾವಣೆಗೂ ತಮ್ಮ ಪಿಸ್ತೂಲನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗಿ ಹೋಬಳಿ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಅದು ಕೆಜಿಎಫ್ ಗಣಿಯ ದೊರೆಯೊಬ್ಬ ಊರು ಬಿಡುವಾಗ ಅವರ ಅಪ್ಪನಿಗೆ ಕೊಟ್ಟುಹೋದದ್ದು. ಅದರಿಂದ ಇಲ್ಲಿಯವರೆಗೆ ಒಂದು ಕಾಡುಹಂದಿಯೂ ಸತ್ತಿರಲಿಲ್ಲ. ಆದರೂ ಊರಿನಲ್ಲಿದ್ದ ಅಷ್ಟೂ ವೆಂಕಟರಮಣಪ್ಪಗಳ ಪೈಕಿ ಇವರೊಬ್ಬರೇ ‘ಪಿಸ್ತೂಲಪ್ಪ’. ಜಮೀನೆಲ್ಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋದ ಮೇಲೆ ಅಪ್ಪನದು ಅಂತ ಇವರ ಬಳಿ ಉಳಿದದ್ದು ಅದೊಂದೇ. ಅದರ ಮೇಲೆ ಅವರಿಗೆ ಪ್ರಾಣ.

ಠಾಣೆಯ ರೈಟರ್ ಉಮಾಶಂಕರ್ ಕನ್ನಡಾಭಿಮಾನಿ. ರಾಜ್ಯೋತ್ಸವದ ದಿನ ಶಾಲು ಹೊದಿಸಿಕೊಂಡಾಗಿನಿಂದ ಅಂಕಿಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದರು. ಈ ಸಲ ಪಿಸ್ತೂಲಿನ ಮೈಮೇಲಿದ್ದ 4114 ಎಂಬ ಸಂಖ್ಯೆಯನ್ನು ೪೧೧೪ ಎಂದು ದುಂಡಗೆ ಬರೆದರು. ಅದನ್ನು ಕಂಪ್ಯೂಟರಿಗೆ ಏರಿಸಬೇಕಾದ ಆಪರೇಟರ್ ಚೈತನ್ಯ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ಅವಳ ಕಣ್ಣಿಗೆ ಕನ್ನಡದ ನಾಲ್ಕು ಎಂಟಿನ ಹಾಗೂ, ಕನ್ನಡದ ಒಂದು ಸೊನ್ನೆಯ ಹಾಗೂ ಕಂಡವು. 8008 ಎಂದು ಒತ್ತಿದಳು. ಕಂಪ್ಯೂಟರು ಚಕಾರವೆತ್ತದೆ ಒಪ್ಪಿಕೊಂಡಿತು.

ಫಲಿತಾಂಶದ ನಂತರ ಠಾಣೆಗೆ ಹೋದ ವೆಂಕಟರಮಣಪ್ಪನವರಿಗೆ ವಿಷಯವನ್ನು ವಿಧಿವತ್ತಾಗಿ ತಿಳಿಸಲಾಯಿತು. ಅವರು ಒಪ್ಪಿಸಿದ 8008 ಬೀರುವಿನಲ್ಲಿ ಇಲ್ಲ. ಬೀರುವಿನಲ್ಲಿರುವ 4114 ಯಾರೂ ಒಪ್ಪಿಸಿದ್ದಲ್ಲ. ಆದಕಾರಣ ಒಂದು ಪಿಸ್ತೂಲು ಕಾಣೆಯಾಗಿದೆ, ಇನ್ನೊಂದು ಅನಾಥವಾಗಿದೆ. ಅವರು ಪರವಾನಗಿ ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ 4114 ಎಂದೇ ಇತ್ತು. ಅದು ಕಂಪ್ಯೂಟರಿಗೆ ವಿರುದ್ಧವಾಗಿದ್ದರಿಂದ ಠಾಣೆಯವರು ಕೆಂಪು ಶಾಯಿಯಲ್ಲಿ ತಿದ್ದಿ, ತಿದ್ದಿದ್ದಕ್ಕೆ ಮೊಹರು ಹಾಕಿ ಹಿಂತಿರುಗಿಸಿದರು.

"ಸಾ, ಅದು ನಂದೇ. ನಮ್ಮಪ್ಪಂದು. ಹಿಡಿ ಹತ್ರ ಬಿರುಕು ಐತೆ ನೋಡಿ."

"ನಿಮ್ದೇ ಅಂತ ನಮ್ಗೂ ಗೊತ್ತು ಯಜಮಾನ್ರೇ," ಎಂದರು ಉಮಾಶಂಕರ್, ನಿಜವಾದ ಮರುಕದಿಂದ. "ಗೊತ್ತಿರೋದನ್ನ ತುಂಬೋಕೆ ಕಂಪ್ಯೂಟರ್‌ನಲ್ಲಿ ಜಾಗ ಇಲ್ಲ."

ಸಂಖ್ಯೆಯಿಂದ ಪಿಸ್ತೂಲಿನ ಮೂಲ ಹಾಗೂ ಉತ್ಪಾದನಾ ಸ್ಥಳವನ್ನು ನಿರ್ಧರಿಸಲು ಕೋಲಾರದಿಂದ ಆಯುಧಮೂಲಾಧಿಕಾರಿ ಮುನಿಕೃಷ್ಣಪ್ಪನವರು ಬಂದರು. ಅವರು ಮೊದಲು ರೇಷ್ಮೆ ಕಡೆ ಇದ್ದವರು. ಗೂಡು ನೋಡಿದೊಡನೆ ಇದು ವಕ್ಕಲೇರಿಯದು, ಇದು ಟೇಕಲ್ಲಿನದು ಎಂದು ಹೇಳುವುದರಲ್ಲಿ ಎತ್ತಿದ ಕೈ. ಮೂಲ ಹೇಳಬಲ್ಲವರಿಗೆ ಹುಳುವಾದರೇನು, ಪಿಸ್ತೂಲಾದರೇನು ಎಂದು ಮೇಲಿನವರು ಅವರನ್ನು ಇಲ್ಲಿಗೆ ಹಾಕಿದ್ದರು.

8008ರ ತನಿಖೆ ಸಲೀಸಾಗಿ ಮುಗಿಯಿತು. ಅವರ ಪಟ್ಟಿಯಲ್ಲಿ ಆ ಸಂಖ್ಯೆ ಇತ್ತು: ಬೆಲ್ಜಿಯಂ ದೇಶ, ಒಳ್ಳೆಯ ಕಾರ್ಖಾನೆ, ಉತ್ತಮ ಸ್ಥಿತಿ. ಪಿಸ್ತೂಲು ಎದುರಿಗೆ ಇಲ್ಲದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ತೊಡಕಾದದ್ದು ಎದುರಿಗೆ ಇದ್ದದ್ದು. 4114 ಪಟ್ಟಿಯಲ್ಲಿ ಸಿಗಲಿಲ್ಲ. ನಳಿಗೆಯ ಮೇಲೆ ‘ಮೇಡ್ ಇನ್ ಬೆಲ್ಜಿಯಂ’ ಎಂದು ಕೆತ್ತಿರುವುದನ್ನು ವೆಂಕಟರಮಣಪ್ಪನವರು ತೋರಿಸಿದಾಗ ಅಧಿಕಾರಿಗಳು ಕನ್ನಡಕ ತೆಗೆದು, ಅಲ್ಲಿಯೇ ಆದೇಶ ಹೊರಡಿಸಿದರು:

‘ಆಯುಧವು ತನ್ನ ಬಗ್ಗೆ ತಾನೇ ಮಾಡಿಕೊಂಡ ಹೇಳಿಕೆಯನ್ನು ಸಾಕ್ಷ್ಯವೆಂದು ಪರಿಗಣಿಸತಕ್ಕದ್ದಲ್ಲ. ಮೂಲ ತಿಳಿಯದ ಆಯುಧವು ಮೊದಲು ಕಂಡುಬಂದ ಸ್ಥಳವೇ ಅದರ ಉತ್ಪಾದನಾ ಸ್ಥಳವೆಂದು ಭಾವಿಸತಕ್ಕದ್ದು.’

ಅದರಂತೆ 4114ರ ಉತ್ಪಾದನಾ ಸ್ಥಳ ‘ಠಾಣೆಯ ಕಬ್ಬಿಣದ ಬೀರು, ಮೇಲಿನಿಂದ ಎರಡನೇ ಅರೆ’ ಎಂದು ದಾಖಲಾಯಿತು.

ಅಷ್ಟರಲ್ಲಿ ಉಮಾಶಂಕರ್ ಬೆವರತೊಡಗಿದ್ದರು. ಬೀರುವಿನಲ್ಲಿ ಪಿಸ್ತೂಲು ತಯಾರಾಗಿದ್ದರೆ ಠಾಣೆಯೇ ಕಳ್ಳ ಕಾರ್ಖಾನೆ ಎಂದಾಗುತ್ತದೆ, ಬೀರುವಿನ ಬೀಗದ ಕೈ ಇದ್ದದ್ದು ಅವರ ಸೊಂಟದಲ್ಲಿ. ನದಿಮೂಲ ಋಷಿಮೂಲ ಕೇಳಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ, ನಾವು ಪಿಸ್ತೂಲಿನ ಮೂಲ ಕೇಳೋಕೆ ಹೋದೆವಲ್ಲ ಎಂದು ಅಲವತ್ತುಕೊಂಡರು.

ಮುನಿಕೃಷ್ಣಪ್ಪನವರು ಕಾಫಿ ಕುಡಿದು ದಾರಿ ತೋರಿಸಿದರು. ಈ ತನಿಖೆ ಹುಟ್ಟಿದ್ದೇ 8008 ಕಾಣೆಯಾದ್ದರಿಂದ. ಮಾಲೀಕರು ಅದನ್ನು ವಾಪಸ್ ಪಡೆದಿದ್ದೇನೆಂದು ಸಹಿ ಹಾಕಿದರೆ ಕಾಣೆಯಾದದ್ದು ಯಾವುದೂ ಇರುವುದಿಲ್ಲ, ತನಿಖೆಯೂ ಇರುವುದಿಲ್ಲ, ಅನಾಥ ಪಿಸ್ತೂಲು ತನ್ನ ಪಾಡಿಗೆ ಬೀರುವಿನಲ್ಲಿ ಇರಬಹುದು. ಸಹಿ ಹಾಕದಿದ್ದರೆ ಪಿಸ್ತೂಲು ಕಳೆದುಕೊಂಡ ತಪ್ಪಿಗೆ ಮಾಲೀಕರ ಮೇಲೆ ಕೇಸು, 4114 ಕುಲುಮೆಗೆ.

ಕುಲುಮೆ ಎಂಬ ಮಾತು ಕಿವಿಗೆ ಬಿದ್ದದ್ದೇ ವೆಂಕಟರಮಣಪ್ಪನವರು ಗೋಡೆಗೆ ಒರಗಿ ಕೂತುಬಿಟ್ಟರು. "ಇದೇಂ ಕರ್ಮರಾ ದೇವುಡಾ" ಎಂದು ತಮ್ಮಷ್ಟಕ್ಕೆ ತೆಲುಗಿನಲ್ಲಿ ಗೊಣಗಿದರು. ಕೇಸಿಗೆ ಅವರು ಅಷ್ಟಾಗಿ ಹೆದರಲಿಲ್ಲ. ಅಪ್ಪ ಭಾನುವಾರ ಭಾನುವಾರ ಜಗುಲಿಯ ಮೇಲೆ ಕೂತು ಒರೆಸುತ್ತಿದ್ದ ಪಿಸ್ತೂಲು ಕರಗಿ ನೀರಾಗುವುದೇ ಕಣ್ಣ ಮುಂದೆ ಬಂತು.

"ಸೈನ್ ಹಾಕಿದ್ರೆ ಅದನ್ನ ಕರಗ್ಸಲ್ಲ ತಾನೇ?"

"ಮುಟ್ಟೋದೂ ಇಲ್ಲ," ಎಂದರು ಉಮಾಶಂಕರ್.

ಸಹಿ ಹಾಕಿದರು. ಉಮಾಶಂಕರ್ ಟವಲನ್ನು ಮೇಜಿನ ಮೇಲೆ ಹರಡಿ, 8008 ಇರಬೇಕಾದ ಜಾಗ ಬಿಟ್ಟು ನಾಲ್ಕೂ ಕಡೆಯಿಂದ ಮಡಚಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ವೆಂಕಟರಮಣಪ್ಪನವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಗುಂಡು ತುಂಬಿಲ್ಲ ತಾನೇ ಎಂದು ಅಧಿಕಾರಿಗಳು ವಿಚಾರಿಸಿ, ಇಲ್ಲವೆಂದು ಬರೆಸಿಕೊಂಡರು.

ಮನೆಯಲ್ಲಿ ಹೆಂಡತಿ ದೊಡ್ಡಗಂಗಮ್ಮ ಟವಲನ್ನು ಬಿಚ್ಚಿ ನೋಡಿ, ಗಂಡನ ಮುಖವನ್ನೂ ನೋಡಿ, ಮೊದಲಿನಂತೆಯೇ ಮಡಚಿ ಅಟ್ಟದ ಮೇಲಿಟ್ಟರು. ಮೊಮ್ಮಕ್ಕಳ ಕೈಗೆ ಸಿಗಬಾರದಲ್ಲ. ಪಿಸ್ತೂಲು ಬಂತಂತೆ ಎಂದು ನೋಡಲು ಬಂದ ಪಕ್ಕದ ಮನೆಯ ಅಜ್ಮತುಲ್ಲಾ ಸಾಬರು ಟವಲನ್ನು ಅಂಗೈಯಲ್ಲಿ ತೂಗಿ, ಬೆಲ್ಜಿಯಂ ಮಾಲು ಹಗುರಾನೇ ಇರ್ತದೆ ಎಂದರು. ಊರು ಅವರನ್ನು ಪಿಸ್ತೂಲಪ್ಪ ಎಂದೇ ಕರೆಯಿತು.

ಮುಂದಿನ ಚುನಾವಣೆ ಘೋಷಣೆಯಾದಾಗ ವೆಂಕಟರಮಣಪ್ಪನವರು ಎಲ್ಲರಿಗಿಂತ ಮೊದಲು ಹೋಗಿ 8008 ಒಪ್ಪಿಸಿದರು. ಉಮಾಶಂಕರ್ ಟವಲು ಬಿಚ್ಚಿ, ಬಗ್ಗಿ, ಎಲ್ಲ ಮಗ್ಗುಲಿಂದಲೂ ಪರೀಕ್ಷಿಸಿದರು.

"ಒಂಚೂರೂ ತುಕ್ಕು ಹಿಡ್ದಿಲ್ವಲ್ಲ ಯಜಮಾನ್ರೇ."

"ವಾರಕ್ಕೊಂದ್ಸಲ ಎಣ್ಣೆ ಹಾಕ್ತೀನಿ ಸಾ."

ಬೀರುವಿನ ಬಾಗಿಲು ತೆರೆಯಿತು. ಎರಡನೇ ಅರೆಯಲ್ಲಿ 4114 ಮಲಗಿತ್ತು. ಹಿಡಿಯ ಬಿರುಕಿನ ಸುತ್ತ ಕೆಂಪಗೆ ತುಕ್ಕು ಏರಿತ್ತು. ವೆಂಕಟರಮಣಪ್ಪನವರ ಕೈ ತಾನಾಗಿ ಮುಂದೆ ಹೋಯಿತು. ಇದಕ್ಕೂ ಒಂದು ತೊಟ್ಟು ಎಣ್ಣೆ ಹಾಕಲೇ ಎಂದು ಕೇಳಿದರು.

"ಬೇರೆಯವ್ರ ಆಯುಧ ಮುಟ್ಟೋ ಹಾಗಿಲ್ಲ ಯಜಮಾನ್ರೇ."

"ಹೌದಲ್ವಾ," ಎಂದು ವೆಂಕಟರಮಣಪ್ಪನವರು ಕೈ ಹಿಂದಕ್ಕೆ ತೆಗೆದುಕೊಂಡರು. "ಮರೆತೇಬಿಟ್ಟಿದ್ದೆ ಸಾ."