ಮಾವನವರ ಹಲ್ಲೂ ನನ್ನ ಪ್ಲಾಸ್ಟಿಕ್ ಕ್ಯಾಮರಾವೂ

ನನ್ನ ಮಾವನವರಿಗೆ ಹಲ್ಲಿದೆಯೋ ಇಲ್ಲವೋ ಎಂಬುದು ಮದುವೆಯಾಗಿ ಒಂದೂವರೆ ವರ್ಷ ಕಳೆದರೂ ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಊಟ ಮಾಡುತ್ತಾರಲ್ಲ, ಇರಲೇಬೇಕು ಎಂದು ಅಂದಾಜು ಮಾಡಿಕೊಂಡಿದ್ದೆ, ಅಷ್ಟೇ. ಅವರು ದರ್ಜಿ. ಬೆಳಗಿಂದ ಸಂಜೆವರೆಗೆ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಾರೆ. ನಲವತ್ತು ವರ್ಷ ಹಾಗಿದ್ದ ಬಾಯಿ, ಸೂಜಿ ಇಲ್ಲದಾಗಲೂ ತೆರೆಯಬೇಕೆಂಬುದನ್ನೇ ಮರೆತುಬಿಟ್ಟಿತ್ತು.

ಅದರಲ್ಲೂ ಕ್ಯಾಮರಾ ಕಂಡರೆ ಮುಗಿಯಿತು. ಮೈಯೆಲ್ಲ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ಸೆಟೆದುಕೊಳ್ಳುತ್ತಿತ್ತು. ಅವರ ಮದುವೆಯ ಫೋಟೋದಲ್ಲಿ ಅತ್ತೆಯವರು ಹೂವಿನ ಹಾಗೆ ಅರಳಿ ನಿಂತಿದ್ದಾರೆ, ಪಕ್ಕದಲ್ಲಿ ಮಾವ ಎರಡನೇ ಆರೋಪಿಯ ಹಾಗೆ ನಿಂತಿದ್ದಾರೆ.

"ನಮ್ಮ ಮದುವೆಯ ನಲವತ್ತನೇ ವರ್ಷದ ಊಟಕ್ಕೆ ಎಲ್ಲರನ್ನೂ ಕರೀತಿದೀವಿ. ನನಗೆ ಸೀರೆ ಬೇಡ, ಒಡವೆ ಬೇಡ," ಎಂದರು ಅತ್ತೆ ಒಂದು ದಿನ. "ಇವರು ನಗ್ತಿರೋ ಒಂದೇ ಒಂದು ಫೋಟೋ ಆ ಗೋಡೆ ಮೇಲೆ ಬೇಕು. ನಾನು ಕಣ್ಣು ಮುಚ್ಚೋದ್ರೊಳಗೆ."

"ನಾನು ತೆಗೀತೀನಿ ಅತ್ತೆ!" ಎಂದೆ.

ನನ್ನ ಹೆಂಡತಿ ಗಣಿತದ ಟೀಚರ್. ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಯಾವುದ್ರಲ್ಲಿ? ಆ ಸೋಪಿನ ಡಬ್ಬೀಲಾ?"

ಸೋಪಿನ ಡಬ್ಬಿ! ಓದುಗರೇ, ನನ್ನ ಬಳಿ ಏಳು ಆಟಿಕೆ ಕ್ಯಾಮರಾಗಳಿವೆ. ಮೈ ಪ್ಲಾಸ್ಟಿಕ್, ಗಾಲಿ ಪ್ಲಾಸ್ಟಿಕ್, ಲೆನ್ಸೂ ಪ್ಲಾಸ್ಟಿಕ್. ಒಳಗೆ ಮಾತ್ರ ಅಪ್ಪಟ ಫಿಲ್ಮು. ಮೂವತ್ತಾರು ಸಲ ಕ್ಲಿಕ್ಕಿಸಬೇಕು, ಪ್ರತಿಸಲವೂ ಹೆಬ್ಬೆರಳಿನಿಂದ ಕರ್‍ರ್ ಎಂದು ಗಾಲಿ ತಿರುಗಿಸಬೇಕು, ಆಮೇಲೆ ಏನು ಬಂದಿದೆಯೋ ಎಂದು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹಾಗೆ ಕಾಯಬೇಕು. ಬೆಳಕು ಸೋರುತ್ತದೆ, ಅಂಚು ಕಪ್ಪಾಗುತ್ತದೆ, ಆಕಾಶ ಒಮ್ಮೊಮ್ಮೆ ಗುಲಾಬಿಯಾಗುತ್ತದೆ. ಆಹಾ! ಮೊಬೈಲಿನಲ್ಲಿ ಫೋಟೋ ತೆಗೆಯುವವರಿಗೆ ಈ ಸುಖ ಏನು ಗೊತ್ತು? (ನನ್ನ ಹೆಂಡತಿ ಮೊಬೈಲಿನಲ್ಲಿ ತೆಗೆಯುತ್ತಾಳೆ. ಇದನ್ನು ನೆನಪಿಟ್ಟುಕೊಳ್ಳಿ.)

"ದೊಡ್ಡ ಕ್ಯಾಮರಾ ನೋಡಿದ್ರೆ ಮಾವ ಹೆದರ್ತಾರೆ," ಎಂದು ವಿವರಿಸಿದೆ. "ಇದು ಆಟಿಕೆ. ಆಟಿಕೆ ನೋಡಿ ಯಾರಾದ್ರೂ ಸೆಟ್ಕೋತಾರಾ?"

"ಸರಿ. ಬರಲಿಲ್ಲ ಅಂದ್ರೆ ಏಳೂ ಕ್ಯಾಮರಾ ಅಟ್ಟಕ್ಕೆ. ಆ ಕಪಾಟಲ್ಲಿ ನನ್ನ ಪುಸ್ತಕ."

"ಒಪ್ಪಿದೆ!" ಎಂದು ಮಹಾರಾಜನ ಹಾಗೆ ಕೈ ಎತ್ತಿದೆ.

ನಾವಿರುವುದು ಮಾವನ ಅಂಗಡಿಯ ಮೇಲಿನ ಮಹಡಿಯಲ್ಲಿ. ಆ ರಾತ್ರಿ ಏಳರಲ್ಲಿ ಅತ್ಯುತ್ತಮವಾದುದನ್ನು ಆರಿಸಿ, ಫಿಲ್ಮು ತುಂಬಿ, ಮಾರನೇ ದಿನ ಸುಲಭವಾಗಿ ಕೈಗೆ ಸಿಗಲೆಂದು ಕೆಳಗೆ ಅಂಗಡಿಯ ಮೇಜಿನ ಮೇಲೆ, ಕತ್ತರಿಯ ಪಕ್ಕ ಇಟ್ಟುಬಂದೆ. ಲೆನ್ಸಿನ ಮುಚ್ಚಳ ಯಾವತ್ತೋ ಕಳೆದುಹೋಗಿತ್ತು. ಅದಕ್ಕೇನು ಮಹಾ, ಎಂದುಕೊಂಡೆ.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದವನು ಸೀದಾ ಅಂಗಡಿಗೆ ನುಗ್ಗಿದೆ. ರಣಬಿಸಿಲು ಬಾಗಿಲಿನಿಂದ ನೇರ ಮಾವನ ಮೇಲೆ ಬೀಳುತ್ತಿತ್ತು. ಮಾವ ತಮ್ಮ ಮಾಮೂಲಿ ಕಪ್ಪು ಕೋಟು ತೊಟ್ಟು, ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡು, ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದರು. ನಾನು ಕ್ಯಾಮರಾ ಕಣ್ಣಿಗೆ ಹಿಡಿದು, ಎರಡು ಮೊಳದಷ್ಟು ಹತ್ತಿರಕ್ಕೆ ಬಾಗಿದೆ. (ಐದಡಿ ದೂರ ನಿಲ್ಲಿ ಎಂದು ಡಬ್ಬಿಯ ಮೇಲೆ ಬರೆದಿದೆ. ಕಲಾವಿದರಿಗೆ ಅದೆಲ್ಲ ಅನ್ವಯಿಸುವುದಿಲ್ಲ.)

ಮಾವ ತಲೆ ಎತ್ತಿದರು. ನನ್ನನ್ನು ನೋಡಿದರು. ಕ್ಯಾಮರಾ ನೋಡಿದರು. ಇನ್ನೊಮ್ಮೆ ನೋಡಿದರು. ಅವರ ತುಟಿಯ ಮೂಲೆ ಸ್ವಲ್ಪ ಅದುರಿತು.

ಕ್ಲಿಕ್!

ಅಷ್ಟರಲ್ಲಿ ನನ್ನ ಕಣ್ಣಿಗೊಂದು ವಿಚಿತ್ರ ಬಿತ್ತು. ಮಾವನ ಕೋಟಿನ ಎರಡನೇ ಗುಂಡಿ ಇರಲಿಲ್ಲ!

"ಏನ್ ಮಾವ, ಊರಿಗೆಲ್ಲ ಗುಂಡಿ ಹಾಕೋರು ನೀವು, ನಿಮ್ಮ ಕೋಟಿಗೇ ಇಲ್ವಲ್ಲ!"

ಮಾವನ ಬಾಯಿಂದ ಸೂಜಿಗಳು ಕೆಳಗೆ ಉದುರಿದವು. ಮೊದಲು ಮೂಗಿನಿಂದ ಒಂದು ಶಬ್ದ, ಆಮೇಲೆ ಹೊಟ್ಟೆಯಿಂದ ಇನ್ನೊಂದು. ನೋಡನೋಡುತ್ತಿದ್ದಂತೆ ಮನುಷ್ಯ ನಕ್ಕೇಬಿಟ್ಟರು! ಹಲ್ಲುಗಳಿದ್ದವು, ಓದುಗರೇ! ಸಾಲಾಗಿ, ಒಂದೂ ಬಿಡದೆ, ಇದ್ದವು! ಕ್ಲಿಕ್, ಕರ್‍ರ್, ಕ್ಲಿಕ್, ಕರ್‍ರ್!

ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು, ನನ್ನ ಕ್ಯಾಮರಾ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು. (ಆನಂದಬಾಷ್ಪ ಎಂದುಕೊಂಡೆ.) ಹೆಂಡತಿಯೂ ಬಂದಳು. "ರೀ, ಅದು..." ಎಂದು ಬಾಯಿ ತೆರೆದಳು. ಅತ್ತೆ ಅವಳ ಮೊಣಕೈ ಚಿವುಟಿದರು.

ಒಂದು ವಾರ ಇದೇ ಕಥೆ. ನಾನು ಮಧ್ಯಾಹ್ನ ಕ್ಯಾಮರಾ ಎತ್ತಿದರೆ ಸಾಕು, ಮಾವ ನಗಲು ಶುರು. ನಾನೊಬ್ಬ ಹಾಸ್ಯಗಾರನೂ ಹೌದೆಂಬ ಸತ್ಯ ನನಗೆ ಆಗಲೇ ಗೊತ್ತಾದದ್ದು. ಅದೇ ಗುಂಡಿಯ ಜೋಕನ್ನು ದಿನಕ್ಕೆ ಮೂರು ಸಲ ಹೇಳಿದೆ. ಪ್ರತಿಸಲವೂ ಮೊದಲ ಸಲಕ್ಕಿಂತ ಜೋರಾಗಿ ನಕ್ಕರು.

"ರೀ, ಫಿಲ್ಮಲ್ಲಿ ಎಲ್ಲ ಸರಿಯಾಗಿ ಬರ್ತಿದೆ ಅಂತೀರಾ?" ಎಂದು ಹೆಂಡತಿ ಒಮ್ಮೆ ಕೇಳಿದಳು, ತುಂಬಾ ಮುಗ್ಧವಾಗಿ.

"ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು," ಎಂದೆ, ತುಂಬಾ ದಯೆಯಿಂದ.

ಊಟದ ದಿನ ಬೆಳಿಗ್ಗೆ, ಫಿಲ್ಮು ತೊಳೆಯಲು ಕೊಟ್ಟಿದ್ದ ಸ್ಟುಡಿಯೋಗೆ ಹೋದರೆ ಅಲ್ಲಿಯವನು ಲಕೋಟೆ ಕೊಡಲು ಹಿಂದೆಮುಂದೆ ನೋಡಿದ. "ಸರ್, ಫಿಲ್ಮ್ ತುಂಬಾ ಮಬ್ಬಾಗಿತ್ತು. ಹೇಗೋ ಎಳೆದು ತೆಗೆದಿದೀನಿ. ಆದ್ರೆ ಇವ್ರು ಅವಳಿಜವಳಿನಾ?"

ತೆರೆದು ನೋಡಿದೆ. ನಸುಗತ್ತಲಲ್ಲಿ ಮಾವ ನಗುತ್ತಿದ್ದರು. ಒಬ್ಬರಲ್ಲ, ನಾಲ್ವರು! ಮೇಲೆ ಇಬ್ಬರು, ಕೆಳಗೆ ಇಬ್ಬರು, ಒಬ್ಬರ ಮೇಲೊಬ್ಬರು ನೆರಳಿನ ಹಾಗೆ ಒರಗಿಕೊಂಡು, ನಾಲ್ಕು ಬಾಯಿ ತುಂಬ ನಗುತ್ತಿದ್ದರು. ಯಾಕೆ ಹೀಗಾಯಿತೋ ನನಗೆ ತಿಳಿಯಲಿಲ್ಲ. ಆದರೆ ಎಷ್ಟು ಚೆಂದವಿತ್ತು ಗೊತ್ತಾ!

ಮನೆ ತುಂಬ ನೆಂಟರು. ಎಲ್ಲರೆದುರು ಚೌಕಟ್ಟಿನ ಮೇಲಿನ ಬಟ್ಟೆ ಸರಿಸಿದೆ. ನೆಂಟರೆಲ್ಲ ಹತ್ತಿರಕ್ಕೆ ನುಗ್ಗಿದರು. ಮಾವ ಬೆರಗಾಗಿ ನನ್ನನ್ನೇ ನೋಡಿದರು. ಹೆಂಡತಿಯ ಬಾಯಿ ತೆರೆದೇ ಇತ್ತು.

"ಬಂದಿದೆ!" ಎಂದಳು. "ಇದು ಹೇಗ್ರೀ ಬಂತು?"

ಆಗ ನಾನು ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ! ಗಂಟಲು ಸರಿಮಾಡಿಕೊಂಡು, "ಇದಕ್ಕೆ ಚತುರ್ಮುಖ ತಂತ್ರ ಅಂತಾರೆ," ಎಂದು ಆರಂಭಿಸಿದೆ. "ಬೆಳಕನ್ನ ನಾಲ್ಕು ಪಾಲು ಮಾಡಿ ಒಳಗೆ ಬಿಡಬೇಕು. ವರ್ಷಗಟ್ಟಲೆ ಸಾಧನೆ. ಉಸಿರು ಬಿಗಿ ಹಿಡಿದು, ಕೈ ಒಂದು ಕೂದಲೆಳೆ ಅಲ್ಲಾಡದ ಹಾಗೆ..."

"ಅಳಿಯಂದ್ರೇ," ಎಂದರು ಮಾವ ಮೆಲ್ಲಗೆ. "ಆ ಕ್ಯಾಮರಾ ಸ್ವಲ್ಪ ಕೊಡಿ."

ಕೊಟ್ಟೆ. ಮಾವ ಜೇಬಿನಿಂದ ಸೂಜಿ ತೆಗೆದು, ಲೆನ್ಸಿನ ಅಂಚಿಗೆ ಚುಚ್ಚಿ ಮೀಟಿದರು. ಟಪ್ ಎಂದು ಏನೋ ಅವರ ಅಂಗೈಗೆ ಬಿತ್ತು.

ಕೋಟಿನ ಗುಂಡಿ. ಕಪ್ಪು. ದೊಡ್ಡದು. ನಾಲ್ಕು ತೂತಿನದು.

"ಮುಚ್ಚಳ ಇರಲಿಲ್ಲ, ಧೂಳು ಕೂರುತ್ತೆ ಅಂತ ಅವತ್ತು ಬೆಳಿಗ್ಗೆ ಅಳತೆ ತಗೊಂಡೆ," ಎಂದರು ಮಾವ. "ಡಬ್ಬೀಲಿದ್ದ ಗುಂಡಿ ಒಂದೂ ಹೊಂದಲಿಲ್ಲ. ನನ್ನ ಕೋಟಿಂದು ಅಳತೆಗೆ ಸರಿಯಾಗಿ ಕೂತ್ಕೊಳ್ತು. ನೀವು ತೆಗೆದು ಫೋಟೋ ಹಿಡೀತೀರ ಅಂದ್ಕೊಂಡಿದ್ದೆ. ನೀವು ಅದನ್ನ ನನ್ನ ಮೂಗಿಗೆ ಹಿಡಿದು, ನಿಮ್ಮ ಗುಂಡಿ ಎಲ್ಲಿ ಅಂತ ನನ್ನನ್ನೇ ಕೇಳಿದ್ರಿ..." ಮುಂದಕ್ಕೆ ಹೇಳಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ನೆಂಟರೆಲ್ಲ ಕುಸಿದರು.

"ನಿನಗೂ ಗೊತ್ತಿತ್ತಾ?" ಎಂದೆ ಹೆಂಡತಿಗೆ.

"ಮೊದಲನೇ ದಿನಾನೇ. ಅಮ್ಮ ಹೇಳೋಕೆ ಬಿಡಲಿಲ್ಲ."

"ಹೇಳಿದ್ರೆ ಇವರ ನಗು ನಿಂತುಹೋಗ್ತಿತ್ತಲ್ಲಪ್ಪ," ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತಾ. "ಫೋಟೋ ಬರದಿದ್ರೆ ಕತ್ತೆ ಬಾಲ, ಎದುರಿಗೇ ನೋಡೋಣ ಅಂತ ಸುಮ್ಮನಿದ್ದೆ." ಆಮೇಲೆ ಚೌಕಟ್ಟಿನ ಹತ್ತಿರ ಹೋಗಿ ನಾಲ್ಕು ಮುಖಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. "ಹತ್ತು ವರ್ಷಕ್ಕೊಂದು. ಬಾಕಿ ಎಲ್ಲ ಒಂದೇ ಸಲ ತೀರಿಸಿಬಿಟ್ರು ನೋಡಿ."

ಮಾನ ಉಳಿಸಿಕೊಳ್ಳಲು ನಾನು ಕ್ಯಾಮರಾ ಕಸಿದುಕೊಂಡೆ. "ಈಗ ನೋಡಿ, ಗುಂಡಿ ಇಲ್ಲದೆ, ಸ್ಪಷ್ಟವಾಗಿ ಒಂದು ತೆಗೀತೀನಿ. ಮಾವ, ನಗಿ!"

ಮಾವ ಎದ್ದು ನಿಂತರು. ಮೈ ಸೆಟೆಯಿತು. ತುಟಿ ಬಿಗಿಯಿತು. ಎರಡನೇ ಆರೋಪಿ ಹಾಜರ್.

"ಅಯ್ಯೋ, ಆ ಗುಂಡಿ ಮತ್ತೆ ಹಾಕ್ರೀ!" ಎಂದು ಅತ್ತೆ ಕೂಗಿದರು.

ಹಾಕಿದರು. ಮಾವ ನಕ್ಕರು.

ಈಗ ನನ್ನ ಏಳು ಕ್ಯಾಮರಾಗಳೂ ಕಪಾಟಿನಲ್ಲೇ ಇವೆ, ಆದರೆ ಆ ಒಂದರ ಗುಂಡಿ ತೆಗೆಯಲು ನನಗೆ ಅಪ್ಪಣೆಯಿಲ್ಲ. ನಾಲ್ವರು ಮಾವಂದಿರು ಅಂಗಡಿಯ ಗೋಡೆಯ ಮೇಲೆ ನಗುತ್ತಿದ್ದಾರೆ. ಅವರ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ ನನ್ನ ಹೆಂಡತಿ ಮೊಬೈಲಿನಲ್ಲಿ ತೆಗೆದ ಫೋಟೋ ಇದೆ. ಒಂದು ಕಣ್ಣು ಮುಚ್ಚಿ, ನಾಲಿಗೆ ಹೊರಚಾಚಿ, ಕೋಟಿನ ಗುಂಡಿ ಬಿಗಿದ ಕ್ಯಾಮರಾ ಹಿಡಿದು ಬಾಗಿ ನಿಂತಿರುವ ನಾನು. ಬಲು ಸ್ಪಷ್ಟವಾಗಿದೆ. ಗುಂಡಿಯ ತೂತುಗಳನ್ನೂ ಎಣಿಸಬಹುದು.

ಅಳತೆ ಕೊಡಲು ಬಂದವರು ಅದನ್ನು ನೋಡಿ, "ಯಾರಿವರು?" ಎಂದು ಕೇಳುತ್ತಾರೆ.

ಮಾವ ಬಾಯಿಂದ ನಾಲ್ಕೂ ಸೂಜಿಗಳನ್ನು ತೆಗೆದು, ಎಲ್ಲ ಹಲ್ಲೂ ಕಾಣುವ ಹಾಗೆ ನಕ್ಕು ಹೇಳುತ್ತಾರೆ:

"ನಮ್ಮ ಅಳಿಯಂದ್ರು. ಕನ್ನಡಕದ ಅಂಗಡೀಲಿ ಕೆಲಸ. ಜನರ ಕಣ್ಣು ಪರೀಕ್ಷೆ ಮಾಡ್ತಾರೆ."